ನಂಗು ಮೀನಿಗೆ ಬೇರೆ ಲೆಕ್ಕ: ವಿಕಿರಣದ ಮಾದರಿಗಳು ಯಾರನ್ನು ಎಣಿಸುತ್ತವೆ?

ಮುಂಬೈಯ ಚೆಂಬೂರಿನ ಮೀನು ಮಾರುಕಟ್ಟೆಯಲ್ಲಿ ಭಾನುವಾರ ಬೆಳಗ್ಗೆ ನಮ್ಮ ಕರಾವಳಿಯ ಕಡೆಯವರು ಮೊದಲು ಹುಡುಕುವುದು ಬಂಗುಡೆಯನ್ನು, ಕಾಣೆಯನ್ನು. ಅದೃಷ್ಟವಿದ್ದರೆ ನಂಗು ಸಿಗುತ್ತದೆ. ನಾಲಗೆಯಂತೆ ಚಪ್ಪಟೆಯಾಗಿ, ಎರಡೂ ಕಣ್ಣು ಒಂದೇ ಮಗ್ಗುಲಿಗೆ ಸರಿದು, ಕೆಳಮೈ ಬಿಳಿಚಿಕೊಂಡಿರುವ ಈ ಮೀನಿಗೆ ಮರಾಠಿಯಲ್ಲಿ ಲೆಪ ಎನ್ನುತ್ತಾರೆ. ಬುಟ್ಟಿಯ ಹಿಂದೆ ಕುಳಿತ, ಇಲ್ಲಿನ ಮೀನುಗಾರ ಕೋಲಿ ಸಮುದಾಯದ ಮಾವಶಿ, ನಾವು ಕೇಳುವ ಮೊದಲೇ, ‘ಖಾಡೀಚಾ ನಾಹೀ, ಬಾಹೇರ್ಚಾ’ ಎಂದುಬಿಡುತ್ತಾರೆ. ಖಾಡಿಯದ್ದಲ್ಲ, ಅಂದರೆ ಊರೊಳಗೆ ಚಾಚಿದ ಕಡಲ ಹಿನ್ನೀರಿನದ್ದಲ್ಲ, ಹೊರಗಿನ ಸಮುದ್ರದ್ದು ಎಂಬ ಭರವಸೆ ಅದು. ಠಾಣೆ ಖಾಡಿಯ ಮೀನಿಗೆ ಸೀಮೆಎಣ್ಣೆಯ ವಾಸನೆ ಎಂಬ ಹಳೆಯ ದೂರಿಗೆ ಕೊಟ್ಟ ಉತ್ತರವೂ ಹೌದು. ವಿಕಿರಣದ ಬಗ್ಗೆ ಗಿರಾಕಿಗಳು ಕೇಳುವುದಿಲ್ಲ, ಮಾವಶಿಯೂ ಹೇಳುವುದಿಲ್ಲ. ಆದರೆ ವಿಕಿರಣ ರಕ್ಷಣೆಯ ಅಂತರರಾಷ್ಟ್ರೀಯ ಲೆಕ್ಕಾಚಾರದಲ್ಲಿ, ಜಗತ್ತಿನ ಸಮಸ್ತ ಜೀವಿಗಳ ಪರವಾಗಿ ಆರಿಸಿಕೊಂಡಿರುವ ಹನ್ನೆರಡು ಜೀವಿಗಳ ಪಟ್ಟಿಯಲ್ಲಿ ಇಂಥದ್ದೇ ಒಂದು ಚಪ್ಪಟೆ ಮೀನು ಇದೆ. ಅದು ಅಲ್ಲಿ ಏಕಿದೆ ಎಂಬುದನ್ನು ಬಿಡಿಸಿ ನೋಡಿದರೆ, ಅಣು ಸ್ಥಾವರಗಳ ಬಗ್ಗೆ ನಮಗೆ ಸಿಗುವ ‘ಸುರಕ್ಷಿತ’ ಎಂಬ ಒಂದು ಪದದ ಉತ್ತರದ ಹಿಂದೆ ಏನೇನಿದೆ, ಏನೇನು ಇಲ್ಲದಿರಬಹುದು ಎಂಬುದು ಗೊತ್ತಾಗುತ್ತದೆ.

ಮಾರುಕಟ್ಟೆಯಿಂದ ಕೆಲವೇ ಕಿಲೋಮೀಟರ್ ಆಚೆ ಟ್ರಾಂಬೆಯ ಗುಡ್ಡ, ಗುಡ್ಡದ ಆಚೆಗೆ ನೀರಿಗೆ ಮುಖಮಾಡಿ ಭಾಭಾ ಅಣು ಸಂಶೋಧನಾ ಕೇಂದ್ರ. 1956ರ ಆಗಸ್ಟ್‌ನಲ್ಲಿ ಅಪ್ಸರಾ ರಿಯಾಕ್ಟರ್ ಚಾಲನೆಗೊಂಡದ್ದು ಇಲ್ಲಿ. 1960ರಿಂದ 2010ರ ಕೊನೆಯವರೆಗೆ ಸೈರಸ್ ನಡೆದದ್ದು, 1985ರಲ್ಲಿ ಧ್ರುವ ಶುರುವಾದದ್ದು, 1964ರಿಂದ ಬಳಸಿದ ಇಂಧನದಿಂದ ಪ್ಲುಟೋನಿಯಂ ಬೇರ್ಪಡಿಸುವ ಕೆಲಸ ಆರಂಭವಾದದ್ದೂ ಇಲ್ಲಿಯೇ. ಕಡಿಮೆ ತೀವ್ರತೆಯ ದ್ರವತ್ಯಾಜ್ಯವನ್ನು ಸಂಸ್ಕರಿಸಿ, ನಿಗದಿತ ಮಿತಿಯೊಳಗೆ ಮುಂಬೈ ಬಂದರಿನ ಕೊಲ್ಲಿಗೆ ಬಿಡಲಾಗುತ್ತದೆ. ಅದೇ ನೀರಿನ ಮೇಲುಭಾಗದಲ್ಲಿ, 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯವೆಂದು ಘೋಷಿತವಾಗಿ 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೂ ಸೇರಿದ ಠಾಣೆ ಖಾಡಿ ಇದೆ. 2024ರ ಜನವರಿಯಲ್ಲಿ ತೆರೆದ ಅಟಲ್ ಸೇತುವೆಯ ಮೇಲೆ ಹೋಗುವವರು ಈ ಎರಡರ ನೆರೆಹೊರೆಯನ್ನು ವಿಚಿತ್ರ ರೀತಿಯಲ್ಲಿ ಕಾಣುತ್ತಾರೆ: ಶಿವಡಿಯ ಕೆಸರುಬಯಲಿನ ಬಳಿ ಹಕ್ಕಿಗಳಿಗೆ ಗದ್ದಲ ತಟ್ಟದಿರಲೆಂದು ಶಬ್ದತಡೆ, ಟ್ರಾಂಬೆಯ ಕಡೆಗೆ ನಮ್ಮ ಕಣ್ಣು ಹೋಗದಿರಲೆಂದು ನೋಟತಡೆ.

ಪ್ರಶ್ನೆ ಹಳೆಯದೇ ಆದರೂ ಈಗ ಅದಕ್ಕೆ ತುರ್ತು ಬಂದಿದೆ. 2025ರ ಕೇಂದ್ರ ಬಜೆಟ್ಟಿನಲ್ಲಿ 2047ರ ಹೊತ್ತಿಗೆ 100 ಗಿಗಾವಾಟ್ ಅಣುವಿದ್ಯುತ್ತಿನ ಗುರಿ ಇಡಲಾಗಿದೆ; ಸಣ್ಣ ರಿಯಾಕ್ಟರ್‌ಗಳಿಗಾಗಿ 20,000 ಕೋಟಿ ರೂಪಾಯಿ ಘೋಷಣೆಯಾಗಿದೆ, 2033ರ ಒಳಗೆ ಅಂಥ ಐದಾದರೂ ನಡೆಯಬೇಕೆಂದು ಹೇಳಲಾಗಿದೆ. ಕೊಂಕಣದ ಜೈತಾಪುರದಲ್ಲಿ ತಲಾ 1,650 ಮೆಗಾವಾಟ್‌ನ ಆರು ರಿಯಾಕ್ಟರ್‌ಗಳ ಯೋಜನೆ ಕಡತದಲ್ಲಿ ಜೀವಂತವಾಗಿದೆ. ನಮ್ಮ ಕೈಗಾದಲ್ಲಿ, ಕಾಳಿ ನದಿಯ ದಂಡೆಯ ಮೇಲೆ, 220 ಮೆಗಾವಾಟ್‌ನ ನಾಲ್ಕು ಘಟಕಗಳ ಜೊತೆಗೆ 700 ಮೆಗಾವಾಟ್‌ನ ಇನ್ನೆರಡು ಬರಲಿವೆ. ಮುಂಬೈಯಲ್ಲಿ ನೆಲೆಸಿ ವರ್ಷಕ್ಕೊಮ್ಮೆ ಕೊಂಕಣ ರೈಲಿನಲ್ಲಿ ಊರಿಗೆ ಹೋಗುವ ಕನ್ನಡಿಗರ ಹಾದಿಯ ಉದ್ದಕ್ಕೂ ಒಂದಲ್ಲ ಒಂದು ಸ್ಥಾವರ, ಇಲ್ಲವೇ ಅದರ ನಕ್ಷೆ ಇದೆ ಎಂದರೆ ತಪ್ಪಾಗದು. ಪ್ರತಿಯೊಂದರ ಪರಿಸರ ವರದಿಯಲ್ಲೂ ಒಂದು ಅಧ್ಯಾಯ ಇರುತ್ತದೆ: ಇಲ್ಲಿಂದ ಹೊರಬೀಳುವ ವಿಕಿರಣಶೀಲ ವಸ್ತುಗಳಿಂದ ಜನರಿಗೆ ಎಷ್ಟು ಡೋಸ್, ಅಂದರೆ ಮೈಗೆ ತಗಲುವ ವಿಕಿರಣ, ಸಿಗುತ್ತದೆ? ಉತ್ತರವನ್ನು ಅಳೆದು ಹೇಳಲು ಬರುವುದಿಲ್ಲ. ಸ್ಥಾವರ ಕಟ್ಟುವ ಮೊದಲು ಅಳೆಯಲು ಏನೂ ಇರುವುದಿಲ್ಲ. ಕಟ್ಟಿದ ಮೇಲೆ, ಎಲ್ಲವೂ ಸರಿಯಾಗಿ ನಡೆಯುತ್ತಿದ್ದರೆ, ಸಿಗುವ ಡೋಸ್ ನಿಸರ್ಗದ ಹಿನ್ನೆಲೆ ವಿಕಿರಣದ ಏರಿಳಿತದೊಳಗೇ ಕರಗಿಹೋಗುವಷ್ಟು ಸಣ್ಣದಿರುತ್ತದೆ. ಮನುಷ್ಯರ ಡೋಸನ್ನು ಸೀವರ್ಟ್‌ನಲ್ಲಿ ಅಳೆಯುತ್ತಾರೆ. ಹಿನ್ನೆಲೆಯ ಜಾಗತಿಕ ಸರಾಸರಿ ವರ್ಷಕ್ಕೆ 2.4 ಮಿಲಿಸೀವರ್ಟ್, ಸ್ಥಾವರದಿಂದ ಸಾರ್ವಜನಿಕರಿಗೆ ಅದರ ಮೇಲೆ 1 ಮಿಲಿಸೀವರ್ಟ್ ಮೀರಬಾರದೆಂಬುದು ಮಿತಿ. ಮುಂಬೈಯ ಕಪ್ಪು ಬಸಾಲ್ಟ್ ಬಂಡೆಯಲ್ಲಿ ಯುರೇನಿಯಂ, ಥೋರಿಯಂ ಕಡಿಮೆ, ಬೆಂಗಳೂರಿನ ಗ್ರಾನೈಟಿನಲ್ಲಿ ಹೆಚ್ಚು. ಊರು ಬದಲಿಸಿದರೇ ಬದಲಾಗುವ ಡೋಸಿನ ನಡುವೆ ಸ್ಥಾವರದ ಪಾಲನ್ನು ಹೆಕ್ಕಿ ತೆಗೆಯುವುದು ಸುಲಭವಲ್ಲ. ಹಾಗಾಗಿಯೇ ಮಾದರಿ ಬೇಕು.

ಮಾದರಿ ಎಂದರೆ ಗುಣಾಕಾರದ ಒಂದು ಸರಪಳಿ. ಕೊಳವೆಯಿಂದ ಅಥವಾ ಚಿಮಣಿಯಿಂದ ಯಾವ ಐಸೊಟೋಪು, ಅಂದರೆ ಯಾವ ಧಾತುವಿನ ಯಾವ ಬಗೆ, ಎಷ್ಟು ಬಂತು ಎಂಬುದು ಮೊದಲ ಕೊಂಡಿ. ಗಾಳಿ, ಹರಿವು, ಉಬ್ಬರ ಇಳಿತಗಳು ಅದನ್ನು ಎಲ್ಲಿಗೆ ಒಯ್ದು ಎಷ್ಟು ತೆಳುವಾಗಿಸಿದವು ಎಂಬುದು ಎರಡನೆಯದು. ನೀರಿನಿಂದ ಮೀನಿಗೆ, ನೀರಿನಿಂದ ಕೆಸರಿಗೆ, ಮಣ್ಣಿನಿಂದ ಹುಲ್ಲಿಗೆ, ಹುಲ್ಲಿನಿಂದ ಹಾಲಿಗೆ ಎಷ್ಟು ಪಾಲು ದಾಟಿತು ಎಂಬುದು ಮೂರನೆಯದು. ಯಾರು ಏನನ್ನು ಎಷ್ಟು ತಿಂದರು, ಎಲ್ಲಿ ಎಷ್ಟು ಹೊತ್ತು ನಿಂತರು ಎಂಬುದು ನಾಲ್ಕನೆಯದು. ಕಡೆಗೆ, ದೇಹ ಸೇರಿದ ಒಂದೊಂದು ಬೆಕೆರೆಲ್‌ಗೂ (ಸೆಕೆಂಡಿಗೆ ಒಂದು ಪರಮಾಣು ಒಡೆಯುವಷ್ಟು ವಿಕಿರಣಶೀಲತೆ) ಎಷ್ಟು ಡೋಸ್ ಎಂಬ ಗುಣಾಂಕ. ಮೊದಲ ಎರಡು ಕೊಂಡಿಗಳ ಮೇಲೆ ಎಂಜಿನಿಯರುಗಳು ಬಹಳ ಬೆವರು ಸುರಿಸಿದ್ದಾರೆ. ಕೊನೆಯ ಗುಣಾಂಕದ ಬಗ್ಗೆಯೂ ಹೆಚ್ಚು ತಕರಾರಿಲ್ಲ. ಮಾತೆಲ್ಲ ಇರುವುದು ನಡುವಿನ ಎರಡರಲ್ಲಿ, ಮತ್ತು ಅವೆರಡೂ ಊರಿಂದೂರಿಗೆ ಬದಲಾಗುವಂಥವು.

ಒಂದು ಊಹೆಯ ಲೆಕ್ಕ ಹಾಕೋಣ. ಕೊಲ್ಲಿಯ ಒಂದು ಲೀಟರ್ ನೀರಿನಲ್ಲಿ 0.01 ಬೆಕೆರೆಲ್ ಸೀಸಿಯಂ-137, ಅಂದರೆ ರಿಯಾಕ್ಟರುಗಳಲ್ಲಿ ಹುಟ್ಟುವ ಒಂದು ವಿಕಿರಣಶೀಲ ವಸ್ತು, ಇದೆ ಎಂದಿಟ್ಟುಕೊಳ್ಳಿ. ಇದು ಅಳೆದ ಅಂಕಿಯಲ್ಲ, ಲೆಕ್ಕ ತೋರಿಸಲು ನಾನು ಹಿಡಿದುಕೊಂಡದ್ದು. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ 2004ರಲ್ಲಿ ಪ್ರಕಟಿಸಿದ ಕೋಷ್ಟಕದ ಪ್ರಕಾರ ಕಡಲ ಮೀನಿನಲ್ಲಿ ಸೀಸಿಯಂ ನೀರಿಗಿಂತ ನೂರು ಪಟ್ಟು ಸಾಂದ್ರವಾಗುತ್ತದೆ. ಅಂದರೆ ಕಿಲೋ ಮೀನಿಗೆ 1 ಬೆಕೆರೆಲ್. ವಾರಕ್ಕೆ ಒಂದು ಕಿಲೋದಂತೆ ವರ್ಷಕ್ಕೆ 50 ಕಿಲೋ ತಿನ್ನುವ ಮನುಷ್ಯನಿಗೆ 50 ಬೆಕೆರೆಲ್; ಡೋಸಿಗೆ ಪರಿವರ್ತಿಸಿದರೆ 0.65 ಮೈಕ್ರೊಸೀವರ್ಟ್, ಮಿತಿಯ ಒಂದೂವರೆ ಸಾವಿರದಲ್ಲಿ ಒಂದು ಪಾಲು. ಈಗ ಅದೇ ಮೀನಿನಲ್ಲಿ ಅಷ್ಟೇ, ಅಂದರೆ ಕಿಲೋಗೆ 1 ಬೆಕೆರೆಲ್ ಪೊಲೋನಿಯಂ-210 ಇದೆ ಎನ್ನಿ. ಇದು ಯಾವ ರಿಯಾಕ್ಟರಿನ ಕೊಡುಗೆಯೂ ಅಲ್ಲ. ನಿಸರ್ಗದ ಯುರೇನಿಯಂ ಸರಪಳಿಯ ಕೊನೆಯಲ್ಲಿ ಹುಟ್ಟಿ ಸಮುದ್ರದ ಜೀವಿಗಳಲ್ಲಿ ಯಾವಾಗಲೂ ಇರುವಂಥದು. ಡೋಸ್ 60 ಮೈಕ್ರೊಸೀವರ್ಟ್, ತೊಂಬತ್ತು ಪಟ್ಟಿಗೂ ಹೆಚ್ಚು. ಬೆಕೆರೆಲ್ ಎಲ್ಲವೂ ಒಂದೇ ಅಲ್ಲ ಎಂಬುದು ಇದರ ಮೊದಲ ಪಾಠ. ಪತ್ರಿಕೆಗಳ ತಲೆಬರಹದಲ್ಲಿ ‘ಇಷ್ಟು ಲಕ್ಷ ಬೆಕೆರೆಲ್ ಸೋರಿಕೆ’ ಎಂದು ಓದಿದಾಗ ಯಾವುದರದ್ದು ಎಂದು ಕೇಳದೆ ಗಾಬರಿಯಾಗುವುದೂ ವ್ಯರ್ಥ, ನೆಮ್ಮದಿಯಾಗಿರುವುದೂ ವ್ಯರ್ಥ. ಇನ್ನೂ ಒಂದು ಸೂಕ್ಷ್ಮವಿದೆ. ಪೊಲೋನಿಯಂ ಸೇರಿಕೊಳ್ಳುವುದು ಮುಖ್ಯವಾಗಿ ಮೀನಿನ ಒಳಾಂಗಗಳಲ್ಲಿ, ಸಿಗಡಿ ಏಡಿಗಳ ಪಚನಾಂಗದಲ್ಲಿ. ಬಂಗುಡೆಯ ಹೊಟ್ಟೆ ಸೀಳಿ ತೊಳೆದು ಸಾರು ಮಾಡುವ ಮನೆಗೂ, ಒಣ ಚಟ್ಲಿಯನ್ನು (ಒಣಗಿಸಿದ ಸಿಗಡಿ) ಇಡಿಯಾಗಿ ಹುರಿದು ತೆಂಗಿನಕಾಯಿ ಸೇರಿಸಿ ಚಟ್ನಿ ಅರೆಯುವ ಮನೆಗೂ ಲೆಕ್ಕ ಬೇರೆಯಾಗುತ್ತದೆ. ಇಲ್ಲಿನ ಜವಳಾ ನಮ್ಮ ಒಣ ಚಟ್ಲಿಯ ಹತ್ತಿರದ ನೆಂಟ. ಅದನ್ನೂ ತಲೆ, ಹೊಟ್ಟೆ ಸಮೇತ ತಿನ್ನುತ್ತಾರೆ. ‘ಮೀನು ಸೇವನೆ, ವರ್ಷಕ್ಕೆ ಇಷ್ಟು ಕಿಲೋ’ ಎಂಬ ಒಂದೇ ಸಾಲಿನಲ್ಲಿ ಈ ವ್ಯತ್ಯಾಸ ಹಿಡಿಸುವುದಿಲ್ಲ.

ಊಟದ ಅಭ್ಯಾಸ ಎಷ್ಟು ದೂರ ಎಳೆದೊಯ್ಯಬಲ್ಲದು ಎಂಬುದಕ್ಕೆ ವಿಕಿರಣ ರಕ್ಷಣೆಯ ಇತಿಹಾಸದಲ್ಲೇ ಒಂದು ಪ್ರಸಿದ್ಧ ಉದಾಹರಣೆಯಿದೆ. ಇಂಗ್ಲೆಂಡಿನ ವಾಯವ್ಯ ಕರಾವಳಿಯ ವಿಂಡ್‌ಸ್ಕೇಲ್ ಸ್ಥಾವರದಿಂದ ಸಮುದ್ರಕ್ಕೆ ಬಿಟ್ಟ ರುಥೇನಿಯಂ-106 ಅಲ್ಲಿನ ಕಡಲಪಾಚಿಯಲ್ಲಿ ಸೇರಿಕೊಳ್ಳುತ್ತಿತ್ತು. ಆ ಪಾಚಿಯನ್ನು ಸ್ಥಳೀಯರು ತಿನ್ನುತ್ತಿರಲಿಲ್ಲ. ಕಿತ್ತು ರೈಲಿನಲ್ಲಿ ದಕ್ಷಿಣ ವೇಲ್ಸಿಗೆ ಕಳಿಸಿದಾಗ ಅಲ್ಲಿನ ಜನ ಅದನ್ನು ಬೇಯಿಸಿ ರೊಟ್ಟಿಯಂತೆ ತಟ್ಟಿ ತಿನ್ನುತ್ತಿದ್ದರು. ಹೀಗಾಗಿ ಸ್ಥಾವರದಿಂದ ಅತಿ ಹೆಚ್ಚು ಡೋಸ್ ಪಡೆಯುವ ಗುಂಪು ಸ್ಥಾವರದ ಬೇಲಿಯ ಪಕ್ಕದಲ್ಲಿರದೆ ನೂರಾರು ಕಿಲೋಮೀಟರ್ ದೂರದ ಇನ್ನೊಂದು ಪ್ರಾಂತದಲ್ಲಿತ್ತು, ಮತ್ತು 1950, 60ರ ದಶಕಗಳಲ್ಲಿ ವಿಸರ್ಜನೆಯ ಮಿತಿಯನ್ನು ನಿರ್ಧರಿಸಿದ್ದೇ ಆ ಗುಂಪಿನ ಬೆಳಗಿನ ತಿಂಡಿ. ಮುಂದೆ ಆ ಕರಾವಳಿಯಲ್ಲಿ ಪಾಚಿ ಕೀಳುವುದು ನಿಂತಾಗ ಲೆಕ್ಕದ ಕೇಂದ್ರ ಮೀನು ತಿನ್ನುವವರ ಕಡೆಗೆ, ಕೆಸರಿನ ಮೇಲೆ ಓಡಾಡುವವರ ಕಡೆಗೆ ಸರಿಯಿತು. ಆ ದಿನಗಳಲ್ಲಿ ‘ನಿರ್ಣಾಯಕ ಗುಂಪು’ ಎನ್ನುತ್ತಿದ್ದುದಕ್ಕೆ ಈಗ ‘ಪ್ರಾತಿನಿಧಿಕ ವ್ಯಕ್ತಿ’ ಎಂಬ ಹೆಸರಿದೆ: ಹೆಚ್ಚು ಒಡ್ಡಿಕೊಳ್ಳುವವರ ಬದುಕನ್ನು ಹೋಲುವ ಒಬ್ಬ ಕಲ್ಪಿತ ವ್ಯಕ್ತಿ. ಸರಾಸರಿ ಮುಂಬೈಕರ ಅಲ್ಲ. ಠಾಣೆ ಖಾಡಿಯ ಮಟ್ಟಿಗೆ ಆ ವ್ಯಕ್ತಿ ಯಾರಾಗಬೇಕು? ನನ್ನ ಪ್ರಕಾರ ಇಳಿತದ ಹೊತ್ತಿಗೆ ಮೊಣಕಾಲುದ್ದದ ಕೆಸರಿನಲ್ಲಿ ನಿಂತು ಚಿಪ್ಪು ಆರಿಸುವ, ಬಿಲದಿಂದ ಏಡಿ ಎಳೆಯುವ, ಮಾರಾಟವಾಗದೆ ಉಳಿದದ್ದನ್ನು ಮನೆಯಲ್ಲಿ ಬೇಯಿಸುವ ಕೋಲಿವಾಡದ ಹೆಂಗಸು. ‘ಬಾಹೇರ್ಚಾ’ ಮೀನು ಗಿರಾಕಿಗೆ. ಖಾಡಿಯದ್ದು ಅವಳ ತಾಟಿಗೆ.

ಇಷ್ಟು ಹೊತ್ತು ಮನುಷ್ಯರ ಮಾತಾಯಿತು. ಬಹುಕಾಲ ವಿಕಿರಣ ರಕ್ಷಣೆಯಲ್ಲಿ ಇದ್ದದ್ದೇ ಅದೊಂದು ಮಾತು. ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗ 1977ರ, ಮತ್ತೆ 1990ರ ತನ್ನ ಶಿಫಾರಸುಗಳಲ್ಲಿ, ಮನುಷ್ಯನನ್ನು ಕಾಪಾಡಲು ಬೇಕಾದ ಬಿಗಿ ಇದ್ದರೆ ಉಳಿದ ಜೀವಜಾತಿಗಳೂ ಅಪಾಯಕ್ಕೆ ಸಿಲುಕುವುದಿಲ್ಲ ಎಂಬರ್ಥದ ನಂಬಿಕೆಯನ್ನು ದಾಖಲಿಸಿತ್ತು. ನಂಬಿಕೆ ಪೂರ್ತಿ ಹುಸಿಯೇನಲ್ಲ. ಸಸ್ತನಿಗಳು ವಿಕಿರಣಕ್ಕೆ ಬೇಗ ಬಾಗುವ ಜೀವಿಗಳು, ಅವುಗಳಲ್ಲಿ ನಾವೂ ಒಬ್ಬರು, ನಮ್ಮ ಮಿತಿಯೂ ಬಹಳ ಕೆಳಗಿದೆ. ಆದರೆ ಅದರ ಒಳಗೆ ಹೇಳದೆ ಬಿಟ್ಟ ಒಂದು ಷರತ್ತು ಇತ್ತು: ಮನುಷ್ಯನೂ ಆ ಜೀವಿಯೂ ಒಂದೇ ಜಾಗದಲ್ಲಿರಬೇಕು.

ನಂಗು ಮೀನಿಗೆ ಮರಳೋಣ. ನೀರಿನಲ್ಲಿ ಅದೇ 0.01 ಬೆಕೆರೆಲ್. ಸೀಸಿಯಂ ಜೇಡಿಯ ಕಣಗಳಿಗೆ ಅಂಟಿಕೊಳ್ಳುವ ಗುಣದ್ದು. ಕರಾವಳಿಯ ಕೆಸರಿಗೆ ಅದೇ ಕೋಷ್ಟಕ ಕೊಡುವ ಅನುಪಾತ 4,000. ಅಂದರೆ ಒಂದು ಕಿಲೋ ಕೆಸರಿನಲ್ಲಿ 40 ಬೆಕೆರೆಲ್. ಮೀನಿನ ಮೈಯೊಳಗೆ 1 ಬೆಕೆರೆಲ್ ಮಾತ್ರ. ಪ್ರಾಣಿಗಳ ಡೋಸನ್ನು ಗ್ರೇ ಎಂಬ, ಮೈ ಹೀರಿಕೊಂಡ ವಿಕಿರಣ ಶಕ್ತಿಯ ಅಳತೆಯಲ್ಲಿ ಹೇಳುತ್ತಾರೆ. ಮೈಯೊಳಗಿನದರಿಂದ ಅದಕ್ಕೆ ಗಂಟೆಗೆ ಸಿಗುವ ಡೋಸ್ ಸ್ಥೂಲವಾಗಿ 0.00015 ಮೈಕ್ರೊಗ್ರೇ, ಹಗಲಿಡೀ ಅದು ಹೊದ್ದು ಮಲಗುವ ಕೆಸರಿನಿಂದ ಬರುವ ಗಾಮಾ ಕಿರಣಗಳ ಡೋಸ್ ಸುಮಾರು 0.006 ಮೈಕ್ರೊಗ್ರೇ. ಹೊರಗಿನದು ಒಳಗಿನದರ ಮೂವತ್ತು ಪಟ್ಟಿಗೂ ಮಿಗಿಲು. ಅದೇ ಮೀನನ್ನು ತವೆಯ ಮೇಲೆ ಹುರಿದು ತಿನ್ನುವ ನಮಗೆ ಸಿಗುವುದು ಅದರ ಮೈಯೊಳಗಿನದು ಮಾತ್ರ. ಕೆಸರು ಕೊಲ್ಲಿಯಲ್ಲೇ ಉಳಿಯಿತು. ಮನುಷ್ಯನ ಲೆಕ್ಕದಲ್ಲಿ ಕಾಣಿಸಿಕೊಳ್ಳದ ಒಂದು ದಾರಿ ಮೀನಿನ ಲೆಕ್ಕದಲ್ಲಿ ಮುಖ್ಯ ದಾರಿಯಾಗಿಬಿಟ್ಟಿತು. ನಾನು ಹಿಡಿದ ಅಂಕಿಯಲ್ಲಿ ಎರಡೂ ಪುಟ್ಟವೇ: ಯುರೋಪಿನಲ್ಲಿ ರೂಪಿಸಿದ ಎರಿಕಾ ಎಂಬ ಲೆಕ್ಕಾಚಾರದ ತಂತ್ರಾಂಶದಲ್ಲಿ ‘ಇದಕ್ಕಿಂತ ಕಡಿಮೆಯಾದರೆ ಮುಂದೆ ತಲೆಕೆಡಿಸಿಕೊಳ್ಳಬೇಕಿಲ್ಲ’ ಎಂದು ಇಟ್ಟಿರುವ ಗಂಟೆಗೆ 10 ಮೈಕ್ರೊಗ್ರೇಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಕೆಳಗೆ. ಹೆದರಿಸುವುದು ಈ ಲೆಕ್ಕದ ಉದ್ದೇಶವಲ್ಲ. ಒಂದು ಜೀವಿಯ ಸುರಕ್ಷತೆಯನ್ನು ಇನ್ನೊಂದರ ಸುರಕ್ಷತೆಯಿಂದ ನೇರವಾಗಿ ಓದಿಬಿಡಲು ಆಗದು ಎಂಬುದಷ್ಟೇ ಅದು ಹೇಳುವುದು. ಮನುಷ್ಯರೇ ಕಾಲಿಡದ ಕಡೆ, ಉದಾಹರಣೆಗೆ ಬೇಲಿ ಹಾಕಿ ಜನರನ್ನು ದೂರವಿಟ್ಟ ಸ್ಥಾವರದ ಆವರಣದಲ್ಲಿ, ಆ ಹಳೆಯ ನಂಬಿಕೆಗೆ ಅರ್ಥವೇ ಉಳಿಯುವುದಿಲ್ಲ. ಜನರಿಗೆ ಡೋಸ್ ಸೊನ್ನೆ, ಕಾರಣ ಜನರಿಲ್ಲ.

ಆಯೋಗ 2007ರ ಶಿಫಾರಸುಗಳಲ್ಲಿ ನಿಲುವು ಬದಲಿಸಿ, 2008ರಲ್ಲಿ ಹನ್ನೆರಡು ‘ಉಲ್ಲೇಖ’ ಜೀವಿಗಳನ್ನು ಮುಂದಿಟ್ಟಿತು: ಜಿಂಕೆ, ಇಲಿ, ಬಾತುಕೋಳಿ, ಕಪ್ಪೆ, ಟ್ರೌಟ್ ಮೀನು, ಚಪ್ಪಟೆ ಮೀನು, ಜೇನುನೊಣ, ಏಡಿ, ಎರೆಹುಳು, ಪೈನ್ ಮರ, ಕಾಡುಹುಲ್ಲು, ಕಂದು ಕಡಲಪಾಚಿ. ಪ್ರತಿಯೊಂದಕ್ಕೂ ಯೋಚನೆಗೆ ಹಚ್ಚಬೇಕಾದ ಡೋಸಿನ ವ್ಯಾಪ್ತಿಯೊಂದನ್ನು ಕೊಟ್ಟಿತು. ಜಿಂಕೆ, ಇಲಿ, ಬಾತುಕೋಳಿ, ಪೈನ್ ಮರಗಳಿಗೆ ದಿನಕ್ಕೆ 0.1ರಿಂದ 1 ಮಿಲಿಗ್ರೇ, ಮೀನು ಕಪ್ಪೆಗಳಿಗೆ ಅದರ ಹತ್ತು ಪಟ್ಟು, ಏಡಿ, ಜೇನು, ಎರೆಹುಳುಗಳಿಗೆ ನೂರು ಪಟ್ಟು. ಇಲ್ಲಿ ಸೀವರ್ಟ್ ಇಲ್ಲ, ಗ್ರೇ ಇದೆ. ಸೀವರ್ಟ್ ಎಂಬುದು ಮನುಷ್ಯನ ಅಂಗಾಂಗಗಳನ್ನೂ ಕ್ಯಾನ್ಸರಿನ ಸಾಧ್ಯತೆಯನ್ನೂ ಮನಸ್ಸಿನಲ್ಲಿಟ್ಟು ಮಾಡಿದ ಅಳತೆ, ಅದನ್ನು ಏಡಿಗೆ ಹಾಕಲು ಬರುವುದಿಲ್ಲ.

ಲೆಕ್ಕದೊಳಗೆ ಈ ಜೀವಿಗಳು ಹೇಗಿರುತ್ತವೆ ಎಂದು ನೋಡಿದರೆ ನಗು ಬರಬಹುದು. ಬಾತುಕೋಳಿ ಎಂದರೆ 30 ಸೆಂಟಿಮೀಟರ್ ಉದ್ದ, 10 ಅಗಲ, 8 ಎತ್ತರದ, 1.26 ಕಿಲೋ ತೂಗುವ ಒಂದು ನುಣುಪಾದ ಮೊಟ್ಟೆಯಾಕಾರ. ಕಾಲಿಲ್ಲ, ಕೊಕ್ಕಿಲ್ಲ, ಪುಕ್ಕವಿಲ್ಲ. ಚಪ್ಪಟೆ ಮೀನು 40, 25, 2.5 ಸೆಂಟಿಮೀಟರಿನ, ಒತ್ತಿ ಚಪ್ಪಟೆ ಮಾಡಿದ ಇನ್ನೊಂದು ಮೊಟ್ಟೆ. ಗಾಮಾ ಕಿರಣದ ಲೆಕ್ಕಕ್ಕೆ ಇಷ್ಟು ಸಾಕು ಎಂಬುದು ನಿಜ. ಆಕಾರದಿಂದ ಆಗುವ ತಪ್ಪು ದೊಡ್ಡದಲ್ಲ. ತೊಡಕಿರುವುದು ಬದುಕುವ ರೀತಿಯಲ್ಲಿ. ಪಟ್ಟಿಯಲ್ಲಿ ಹಕ್ಕಿ ಎಂದರೆ ಬಾತುಕೋಳಿ ಒಂದೇ, ಹಾಗಾಗಿ ಠಾಣೆ ಖಾಡಿಯ ಫ್ಲೆಮಿಂಗೊ ಮೊದಲ ಸುತ್ತಿನಲ್ಲಿ ಅದರ ವೇಷದಲ್ಲೇ ಬರಬೇಕಾಗುತ್ತದೆ. ವಾಶಿ ಸೇತುವೆಯ ಮೇಲೆ ಲೋಕಲ್ ರೈಲು ನಿಧಾನವಾದಾಗ ಕಿಟಕಿಯಿಂದ ಕಾಣುವುದು ಬೇರೆಯೇ ಪ್ರಾಣಿ: ಉದ್ದ ಕಾಲೂರಿ ಕೆಸರಿನಲ್ಲಿ ನಿಂತು, ಕೊಕ್ಕನ್ನು ತಲೆಕೆಳಗಾಗಿ ನೀರಿಗಿಳಿಸಿ, ತೆಳುಕೆಸರನ್ನು ಸೋಸುತ್ತ ಸೂಕ್ಷ್ಮ ಪಾಚಿಯನ್ನು ಹೆಕ್ಕುವ ಹಕ್ಕಿ. ಮೀನಿನ ಮೈಗೆ ತಾಗುವ ಕೆಸರು ಇದರ ಹೊಟ್ಟೆಗೂ ಹೋಗುತ್ತದೆ. ಚಳಿಗಾಲದಿಂದ ಮಳೆಯ ಮುಂಚಿನವರೆಗೆ ಮಾತ್ರ ಇಲ್ಲಿರುತ್ತದೆ, ಉಳಿದ ತಿಂಗಳು ಬೇರೆಲ್ಲೋ. ಯಾವ ಮೊಟ್ಟೆ ಎಂಬುದಕ್ಕಿಂತ ಎಷ್ಟು ಕೆಸರು, ಎಷ್ಟು ತಿಂಗಳು ಎಂಬ ಎರಡು ಅಂಕಿಗಳು ಇದರ ಡೋಸನ್ನು ನಿರ್ಧರಿಸುತ್ತವೆ.

ಈ ಅನುಮಾನ ನನ್ನೊಬ್ಬನದಲ್ಲ. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಆಶ್ರಯದಲ್ಲಿ ಬೇರೆ ಬೇರೆ ದೇಶಗಳ ಮಾದರಿಗಳಿಗೆ ಒಂದೇ ಪ್ರಶ್ನೆ ಕೊಟ್ಟು ಉತ್ತರ ಹೋಲಿಸಿದಾಗ, ದೇಹದಲ್ಲಿರುವ ಬೆಕೆರೆಲ್‌ನಿಂದ ಡೋಸ್ ಲೆಕ್ಕ ಹಾಕುವ ಹಂತದಲ್ಲಿ ಎಲ್ಲವೂ ಹತ್ತಿರ ಹತ್ತಿರ ಬಂದವು. ನೀರು ಮಣ್ಣಿನಿಂದ ದೇಹಕ್ಕೆ ಎಷ್ಟು ಸೇರಿತು ಎಂದು ಊಹಿಸುವ ಹಂತದಲ್ಲಿ ಹತ್ತಾರು, ನೂರಾರು ಪಟ್ಟು ಚದುರಿಹೋದವು. ಕೋಷ್ಟಕದ ಸರಾಸರಿಗಳಲ್ಲಿ ಬಹುಪಾಲು ತಂಪು ದೇಶಗಳ ನೀರು, ಮಣ್ಣು, ಪ್ರಾಣಿಗಳಿಂದ ಬಂದವು. ನಮ್ಮ ಖಾಡಿಯ ಕೆಸರು ಕಾಂಡ್ಲಾ ಬೇರುಗಳ ನಡುವಿನ ಜೇಡಿ. ಮೇ ತಿಂಗಳಲ್ಲಿ ಉಪ್ಪುಪ್ಪು, ಜುಲೈಯಲ್ಲಿ ಮಳೆನೀರು ನುಗ್ಗಿ ಸಪ್ಪೆ. ಉಪ್ಪು ಕಡಿಮೆಯಾದಾಗ ಸೀಸಿಯಂ ಜೇಡಿಯನ್ನು ಇನ್ನೂ ಗಟ್ಟಿಯಾಗಿ ಹಿಡಿಯುತ್ತದೆ, ಉಪ್ಪು ಏರಿದಾಗ ಒಂದಿಷ್ಟು ಬಿಟ್ಟುಕೊಡುತ್ತದೆ. ವರ್ಷಕ್ಕೊಂದೇ ಅನುಪಾತ ಹಿಡಿದರೆ ಮಳೆಗಾಲವೇ ಲೆಕ್ಕದಿಂದ ಬಿದ್ದುಹೋಗುತ್ತದೆ. ಮಾದರಿಗಳನ್ನು ಮೀರಿ ನಿಸರ್ಗ ಹೇಗೆ ನಡೆದುಕೊಳ್ಳುತ್ತದೆ ಎಂಬುದಕ್ಕೆ ಜರ್ಮನಿಯ ಬವೇರಿಯಾದ ಕಾಡುಹಂದಿಗಳು ಸಾಕ್ಷಿ. 1986ರ ಚೆರ್ನೋಬಿಲ್ ದುರಂತದ ನಂತರ ಅಲ್ಲಿನ ಜಿಂಕೆಗಳಲ್ಲಿ ಸೀಸಿಯಂ ವರ್ಷದಿಂದ ವರ್ಷಕ್ಕೆ ಇಳಿಯಿತು, ಹಂದಿಗಳಲ್ಲಿ ಮಾತ್ರ ಇಳಿಯಲೊಲ್ಲದು. ಹಂದಿಗಳು ಚಳಿಗಾಲದಲ್ಲಿ ನೆಲ ಬಗೆದು ತಿನ್ನುವ, ಮಣ್ಣಿನಾಳದಲ್ಲಿ ಬೆಳೆಯುವ ಒಂದು ಬಗೆಯ ಅಣಬೆ ಸೀಸಿಯಂ ಅನ್ನು ಹೀರಿಟ್ಟುಕೊಳ್ಳುತ್ತಿತ್ತು. 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಆ ಸೀಸಿಯಂನ ಗಣನೀಯ ಪಾಲು ಚೆರ್ನೋಬಿಲ್‌ನದಲ್ಲ, ಐವತ್ತು ಅರವತ್ತರ ದಶಕಗಳ ಬಾಂಬ್ ಪರೀಕ್ಷೆಗಳ ಬೂದಿಯದು ಎಂದು ತೋರಿಸಿತು. ಹಂದಿ ಏನು ತಿನ್ನುತ್ತದೆ ಎಂದು ಸರಿಯಾಗಿ ಕೇಳದ ಹೊರತು ಯಾವ ಸೂತ್ರದಿಂದಲೂ ಇದು ಹೊರಬೀಳುತ್ತಿರಲಿಲ್ಲ.

ಚೆರ್ನೋಬಿಲ್‌ನ ವನ್ಯಜೀವಿಗಳ ಬಗೆಗಿನ ಜಗಳವೂ ಅರ್ಧ ಇಂಥದ್ದೇ. ಸ್ಥಾವರದ ಪಕ್ಕದ ಪೈನ್ ಕಾಡು ಸತ್ತು ಕೆಂಪಾದದ್ದರ ಬಗ್ಗೆ ಎರಡು ಮಾತಿಲ್ಲ. ಆಮೇಲಿನ ದಶಕಗಳಲ್ಲಿ, ಕಡಿಮೆ ಡೋಸಿನ ಕಡೆಯೂ ಹಕ್ಕಿಗಳು, ಕೀಟಗಳು ಕಡಿಮೆಯಾಗಿವೆ ಎಂದು ಕೆಲವು ಸಂಶೋಧಕರು ಹೇಳಿದರೆ, ಜನ ಬಿಟ್ಟುಹೋದ ನೆಲದಲ್ಲಿ ತೋಳ, ಜಿಂಕೆ, ಹಂದಿಗಳು ತುಂಬಿಕೊಂಡಿವೆ ಎಂದು ಇನ್ನು ಕೆಲವರು ಎಣಿಸಿ ತೋರಿಸಿದರು. ಹಿಂದಿನ ಹಲವು ಅಧ್ಯಯನಗಳಲ್ಲಿ ಡೋಸ್ ಎಂದು ಬರೆದದ್ದು ಕೈಯಲ್ಲಿ ಹಿಡಿದ ಮಾಪಕ ಗಾಳಿಯಲ್ಲಿ ತೋರಿಸಿದ ಅಂಕಿ. ಗೂಡಿನಲ್ಲಿ ಕುಳಿತ, ಹುಳ ತಿನ್ನುವ ಹಕ್ಕಿಗೆ ನಿಜವಾಗಿ ಸಿಕ್ಕ ಡೋಸ್ ಅದಲ್ಲ.

ಮಾದರಿಯನ್ನು ಬಳಸುವವರ ಕೈಯಲ್ಲೂ ಅದು ಕೆಡಬಹುದು. 2011ರ ಮಾರ್ಚ್‌ನಲ್ಲಿ ಫುಕುಶಿಮಾದಲ್ಲಿ ಜನರನ್ನು ಮೊದಲು 3, ಆಮೇಲೆ 10, ಆಮೇಲೆ 20 ಕಿಲೋಮೀಟರಿನ ವೃತ್ತ ಎಳೆದು ಹೊರಗೆ ಕಳಿಸಿದರು. ಗಾಳಿ ವೃತ್ತಾಕಾರದಲ್ಲಿ ಬೀಸುವುದಿಲ್ಲ. ವಿಕಿರಣ ಹೊತ್ತ ಮೋಡ ವಾಯವ್ಯಕ್ಕೆ ಹೋಗಿ, ವೃತ್ತದಾಚೆ ಸುಮಾರು 40 ಕಿಲೋಮೀಟರ್ ದೂರದ ಇಟಾಟೆ ಗ್ರಾಮದ ಮೇಲೆ ಮಳೆ ಹಿಮದೊಡನೆ ಇಳಿಯಿತು. ಆ ಊರನ್ನು ತೆರವು ಮಾಡುವ ನಿರ್ಧಾರ ಬಂದದ್ದು ಏಪ್ರಿಲ್‌ನಲ್ಲಿ. ಜಪಾನಿನ ಬಳಿ ಸ್ಪೀಡಿ ಎಂಬ ಹರಡುವಿಕೆಯ ಮಾದರಿ ಇತ್ತು. ಸ್ಥಾವರದಿಂದ ಎಷ್ಟು ಹೊರಬಿತ್ತೆಂಬ ಮೊದಲ ಕೊಂಡಿಯೇ ಸಿಗದೆ ಅದರ ಫಲಿತಾಂಶವನ್ನು ಪಕ್ಕಕ್ಕಿಟ್ಟರು, ಜನರಿಗೂ ತಡವಾಗಿ ತಿಳಿಸಿದರು. ಅದೇ ಸ್ಥಾವರದ ಸಂಸ್ಕರಿಸಿದ, ಟ್ರಿಷಿಯಂ (ವಿಕಿರಣಶೀಲ ಜಲಜನಕ) ಉಳಿದಿರುವ ನೀರನ್ನು 2023ರ ಆಗಸ್ಟ್ 24ರಿಂದ ಸಮುದ್ರಕ್ಕೆ ಬಿಡತೊಡಗಿದಾಗ ಪಾಠ ಕಲಿತಂತೆ ಕಂಡಿತು. ಲೀಟರಿಗೆ 1,500 ಬೆಕೆರೆಲ್‌ಗಿಂತ ಕಡಿಮೆಗೆ ತೆಳುಗೊಳಿಸಿ, ವರ್ಷಕ್ಕೆ 22 ಟೆರಾಬೆಕೆರೆಲ್ (22 ಲಕ್ಷ ಕೋಟಿ ಬೆಕೆರೆಲ್) ಮೀರದಂತೆ ಬಿಡುವ ಈ ಯೋಜನೆಯ ಪರಿಣಾಮದ ಅಂದಾಜಿನಲ್ಲಿ ಮೀನು ತಿನ್ನುವ ಮನುಷ್ಯನ ಜೊತೆಗೆ ಚಪ್ಪಟೆ ಮೀನು, ಏಡಿ, ಕಂದು ಪಾಚಿಗಳ ಲೆಕ್ಕವೂ ಇತ್ತು. ಹಿಡಿದ ಊಹೆಗಳನ್ನು ಮುಂಚೆಯೇ ಪ್ರಕಟಿಸಿದರು. ಫಲಿತಾಂಶ ಮನುಷ್ಯನಿಗೆ ವರ್ಷಕ್ಕೆ 1 ಮೈಕ್ರೊಸೀವರ್ಟ್‌ಗೂ ಬಹಳ ಕೆಳಗೆ. ನೆರೆಯ ದೇಶಗಳ, ಮೀನುಗಾರರ ವಿರೋಧ ಅದರಿಂದ ನಿಲ್ಲಲಿಲ್ಲ. ಆದರೆ ವಿರೋಧಿಸುವವರ ಕೈಯಲ್ಲೂ ಪ್ರಶ್ನಿಸಲು ಒಂದು ಲೆಕ್ಕದ ಹಾಳೆ ಇತ್ತು.

ನಮ್ಮಲ್ಲಿ ಕೆಲಸ ನಡೆಯುತ್ತಿಲ್ಲ ಎನ್ನುವುದು ಅನ್ಯಾಯ. ಸ್ಥಾವರಗಳ ಸುತ್ತಲಿನ ಪರಿಸರ ಸಮೀಕ್ಷಾ ಪ್ರಯೋಗಾಲಯಗಳು ನೀರು, ಹಾಲು, ಮೀನು, ಸೊಪ್ಪುಗಳನ್ನು ದಶಕಗಳಿಂದ ಅಳೆಯುತ್ತಿವೆ. ಗಾಮಾ ಮಾಪಕಗಳ ರಾಷ್ಟ್ರೀಯ ಜಾಲವೂ ಇದೆ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ವಾರ್ಷಿಕ ವರದಿಯಲ್ಲಿ ಸಾರ್ವಜನಿಕರ ಡೋಸ್ ಮಿತಿಯ ಸಣ್ಣ ಪಾಲೆಂದೇ ಬರುತ್ತದೆ. ಅದನ್ನು ನಾನು ಅನುಮಾನಿಸುವುದಿಲ್ಲ. ಖಾಡಿಯನ್ನು ಕಣ್ಣೆದುರಿಗೆ ಕೆಡಿಸಿರುವುದು ಸೀಸಿಯಂ ಅಲ್ಲ, ಕೊಳಚೆ ನೀರು ಮತ್ತು ಕಾರ್ಖಾನೆಗಳ ರಾಸಾಯನಿಕ ಎಂಬುದೂ ಖಾಡಿಯ ಪಕ್ಕ ಮೂಗಿರುವ ಯಾರಿಗೂ ಗೊತ್ತು. ನನ್ನ ತಕರಾರು ಉತ್ತರದ ಮೇಲಲ್ಲ, ಉತ್ತರವನ್ನಷ್ಟೇ ಕೊಡುವ ರೂಢಿಯ ಮೇಲೆ. 1962ರ ಪರಮಾಣು ಶಕ್ತಿ ಕಾಯ್ದೆಯ 18ನೇ ಕಲಂ ಮಾಹಿತಿಯನ್ನು ಮುಚ್ಚಿಡುವ ಅಧಿಕಾರ ಕೊಟ್ಟಿತ್ತು, ಆ ನೆರಳಿನಲ್ಲಿ ಬೆಳೆದ ಅಭ್ಯಾಸ ಸುಲಭಕ್ಕೆ ಬಿಡುವಂಥದ್ದಲ್ಲ. ಜೈತಾಪುರವೋ ಕೈಗಾವೋ, ‘ಮಿತಿಯ ಇಷ್ಟು ಪಾಲು’ ಎಂಬ ಅಂಕಿಯ ಪಕ್ಕದಲ್ಲೇ, ಅದನ್ನು ಯಾವ ಊಟದ, ಯಾವ ಕಸುಬಿನ, ಯಾವ ವಯಸ್ಸಿನ ವ್ಯಕ್ತಿಗೆ ಲೆಕ್ಕ ಹಾಕಿದ್ದು, ಯಾವ ಪ್ರಾಣಿಗೆ, ಯಾವ ಕೋಷ್ಟಕದ ಅನುಪಾತದಿಂದ, ಸ್ಥಳದಲ್ಲಿ ಅಳೆದದ್ದು ಎಷ್ಟು, ಎರವಲು ತಂದದ್ದು ಎಷ್ಟು ಎಂಬುದೂ ಮುದ್ರಣವಾಗಬೇಕು. ಇದಕ್ಕೆ ಯಾವ ರಹಸ್ಯವೂ ಅಡ್ಡಬರುವುದಿಲ್ಲ. ಕೋಲಿವಾಡದಲ್ಲಿ ವಾರಕ್ಕೆ ಎಷ್ಟು ಚಿಪ್ಪು ಬೇಯುತ್ತದೆ ಎಂಬುದು ದೇಶದ ಭದ್ರತೆಯ ವಿಷಯವಲ್ಲ.

ಇನ್ನೊಂದು ಪ್ರಶ್ನೆ ಲೆಕ್ಕದ್ದಲ್ಲ, ಆಯ್ಕೆಯದ್ದು. ಮನುಷ್ಯರ ವಿಷಯದಲ್ಲಿ ಒಬ್ಬೊಬ್ಬರನ್ನೂ ಕಾಪಾಡುವುದು ಗುರಿ. ಪ್ರಾಣಿಗಳ ವಿಷಯದಲ್ಲಿ ಸಂತತಿ ಉಳಿದರೆ ಸಾಕು ಎನ್ನುತ್ತದೆ ಈಗಿನ ಚೌಕಟ್ಟು. 2024ರ ಮೇ ತಿಂಗಳಲ್ಲಿ ಘಾಟ್‌ಕೋಪರ್‌ನ ಆಕಾಶದಲ್ಲಿ ವಿಮಾನಕ್ಕೆ ಬಡಿದು ಮೂವತ್ತಕ್ಕೂ ಹೆಚ್ಚು ಫ್ಲೆಮಿಂಗೊಗಳು ಸತ್ತು ಬಿದ್ದಾಗ, ಹಿಂಡಿನ ಲೆಕ್ಕದಲ್ಲಿ ಅದು ಏನೂ ಅಲ್ಲ ಎಂದು ಯಾರಾದರೂ ಹೇಳಬಹುದಿತ್ತು. ಮುಂಬೈಯಲ್ಲಿ ಆ ವಾರ ಯಾರೂ ಹಾಗೆ ಹೇಳಲಿಲ್ಲ. ಯಾವ ಜೀವಿಯನ್ನು ಹಿಂಡಾಗಿ ಎಣಿಸಬೇಕು, ಯಾವುದನ್ನು ಒಂದೊಂದಾಗಿ ಎಂಬುದನ್ನು ಮಾದರಿ ಹೇಳಲಾರದು, ಮಾದರಿಗೆ ಅದನ್ನು ಹೊರಗಿನಿಂದ ಕೊಡಬೇಕು.

ಖಾಡಿಯಲ್ಲಿ ನಿವಟಿ ಎಂಬ ಮೀನಿದೆ, ಕೆಸರಿನ ಮೇಲೆ ರೆಕ್ಕೆಯೂರಿ ಕುಪ್ಪಳಿಸುವಂಥದು, ಗುಬುಟು ಕಣ್ಣಿನದು. ಇಳಿತದಲ್ಲಿ ಹೊರಗೆ, ಉಬ್ಬರ ಬಂದಾಗ ಬಿಲದೊಳಗೆ; ಅರ್ಧ ಹೊತ್ತು ಗಾಳಿಯಲ್ಲಿ, ಉಳಿದರ್ಧ ಕೆಸರಿನ ನಡುವೆ. ಹನ್ನೆರಡರ ಪಟ್ಟಿಯಲ್ಲಿ ಅದಕ್ಕೆ ಚಪ್ಪಟೆ ಮೀನಿನ ಮೊಟ್ಟೆಯೂ ಹೊಂದದು, ಕಪ್ಪೆಯದ್ದೂ ಹೊಂದದು. ಮಾದರಿ ಅದರ ಬಗ್ಗೆ ಕೇಳುವ ಮುಖ್ಯ ಪ್ರಶ್ನೆ, ದಿನದ ಎಷ್ಟು ಗಂಟೆ ಕೆಸರಿನ ಮೇಲೆ, ಎಷ್ಟು ಗಂಟೆ ಒಳಗೆ, ಎಷ್ಟು ಆಳದಲ್ಲಿ ಎಂಬುದು. ಬಿಲದ ಒಂದು ಬಾಯಿಗೆ ಕಾಲಿಟ್ಟು ಇನ್ನೊಂದಕ್ಕೆ ಮೊಣಕೈವರೆಗೆ ಕೈ ತೂರಿಸಿ ನಿವಟಿ ಹಿಡಿಯುವ ಕೋಲಿಗಳಿಗೆ ಈ ಮೂರೂ ಗೊತ್ತು.